ಪದ್ಮಿನಿಗೊಂದು ಬೀಡಿಂಗ್ ಬೇಕಾಗಿದೆ

2023ರ ಅಕ್ಟೋಬರ್ 30ರ ಸೋಮವಾರದಿಂದ ಮುಂಬಯಿಯಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಇಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಆಯುಸ್ಸು. ಲೆಕ್ಕ ಸರಿಯಾಗಿ ಚುಕ್ತಾ ಆಯಿತು. ಆ ವಾರ ಪೇಪರಿನಲ್ಲಿ, ಟಿವಿಯಲ್ಲಿ ಎಲ್ಲಾ ಕಡೆ ಬೀಳ್ಕೊಡುಗೆಯೋ ಬೀಳ್ಕೊಡುಗೆ. ಹಳೆಯ ಹಿಂದಿ ಸಿನೆಮಾ, ಮಳೆಯಲ್ಲಿ ಮೆರೀನ್ ಡ್ರೈವ್, ಮೀಟರಿನ ಟಿಕ್ ಟಿಕ್ ಅಂತ ಎಲ್ಲರೂ ಒಂದು ಸುತ್ತು ಕಣ್ಣೊರೆಸಿಕೊಂಡರು. ನನಗೆ ಮಾತ್ರ ಅವತ್ತು ತಲೆಗೆ ಬಂದದ್ದು ಒಂದೇ ಪ್ರಶ್ನೆ... ಇನ್ನು ಮೇಲೆ ವೀಲ್ ಸಿಲಿಂಡರ್ ಎಲ್ಲಿ ಸಿಗುತ್ತೆ?

ನಗಬೇಡಿ. ನಮ್ಮ ಮಾವನವರ 1975ರ ಪದ್ಮಿನಿ ದಾವಣಗೆರೆಯಿಂದ ಲಾರಿ ಮೇಲೆ ಕೂತು ಠಾಣೆಗೆ ಬಂದು ನಮ್ಮ ಬಿಲ್ಡಿಂಗಿನ ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಕೂತು ನಾಲ್ಕು ವರ್ಷವಾಯಿತು. ಬಣ್ಣ ಬಿಚ್ಚಿ, ತುಕ್ಕು ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿಸಿ, ಎಂಜಿನ್ ಬೋರ್ ಮಾಡಿಸಿದ್ದೆಲ್ಲ ಒಂದೂವರೆ ವರ್ಷದಲ್ಲಿ ಮುಗಿಯಿತು. ಉಳಿದ ಎರಡೂವರೆ ವರ್ಷ ಹೋದದ್ದು ರಬ್ಬರು, ಗಾಜಿನ ಚಾನೆಲ್ಲು, ಬ್ರೇಕಿನ ಸಾಮಾನು, ಬಂಪರು ಹುಡುಕುವುದರಲ್ಲಿ. ಸಿಗುವುದಿಲ್ಲ ಅಂತಲ್ಲ. ಸಿಗುತ್ತೆ. ಸಿಕ್ಕಿದ್ದು ಕೂರುವುದಿಲ್ಲ, ಕೂತದ್ದು ಉಳಿಯುವುದಿಲ್ಲ. ಇದು ಯಾಕೆ ಹೀಗೆ ಅಂತ ಹುಡುಕುತ್ತಾ ಹೋದರೆ ಅದಕ್ಕೊಂದು ದೊಡ್ಡ ಚರಿತ್ರೆಯೇ ಇದೆ, ಅದರಲ್ಲಿ ನಮ್ಮವರೂ ಇದ್ದಾರೆ. ಅದನ್ನೇ ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಕಾಫಿ ಇಟ್ಟುಕೊಂಡು ಓದಿ.

ಈ ಕಾರು ತಯಾರಾದದ್ದು ಇಲ್ಲೇ, ನಮ್ಮ ಕುರ್ಲಾದಲ್ಲಿ. ಕಂಪನಿ ಪ್ರೀಮಿಯರ್ ಆಟೋಮೊಬೈಲ್ಸ್, ಶುರು ಮಾಡಿದವರು ಸೇಠ್ ವಾಲಚಂದ್ ಹೀರಾಚಂದ್, ವರ್ಷ 1944. ಆದರೆ ಆ ಕನಸನ್ನು ಕಾಗದದ ಮೇಲೆ ಇಳಿಸಿದವರು ಬೇರೆ ಯಾರೂ ಅಲ್ಲ, ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು! ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಬ್ಬಿಣದ ಕಾರ್ಖಾನೆ ಎಲ್ಲರಿಗೂ ಗೊತ್ತು. ಕಾರಿನ ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. 1930ರ ದಶಕದ ನಡುವಿನಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಯುರೋಪು, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಮುಂಬಯಿಯಲ್ಲಿ ಕಾರು ತಯಾರಿಸುವ ಯೋಜನೆ ಬರೆದರು. ಬಿ.ಜಿ. ಖೇರ್ ಅವರ ಮುಂಬಯಿ ಸರ್ಕಾರ ಬೆಂಬಲ ಕೊಡಲು ಸಿದ್ಧವಾಯಿತು, ಬಂಡವಾಳದ ಕಡೆ ವಾಲಚಂದ್ ಇದ್ದರು. ಮುಂದೆ ಮೈಸೂರು ಸಂಸ್ಥಾನವೂ ಇದರಲ್ಲಿ ಕೈ ಹಾಕಲು ಬಂತು. ದಿಲ್ಲಿಯಲ್ಲಿದ್ದ ಬ್ರಿಟಿಷ್ ಸರ್ಕಾರಕ್ಕೆ ಮಾತ್ರ ಇದು ಬೇಕಿರಲಿಲ್ಲ. ಯುದ್ಧದ ನೆಪ ಸಿಕ್ಕಿತು, ಯೋಜನೆ ಮೂಲೆಗೆ ಬಿತ್ತು. ವಾಲಚಂದ್ ಮೈಸೂರು ಸರ್ಕಾರದ ಜತೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆಗೆದರು, ಅದೇ ಇವತ್ತಿನ ಎಚ್‌ಎಎಲ್. ಎಂಥಾ ವಿಚಿತ್ರ ನೋಡಿ, ಈ ದೇಶದಲ್ಲಿ ಕಾರಿಗಿಂತ ಮೊದಲು ವಿಮಾನದ ಕಾರ್ಖಾನೆಗೆ ದಾರಿ ಸಿಕ್ಕಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಆಗ ಭಾರತದಲ್ಲಿ ಕಾರು 'ತಯಾರಾಗುತ್ತಲೇ' ಇರಲಿಲ್ಲ ಅಂತಲ್ಲ. ಜನರಲ್ ಮೋಟರ್ಸ್ 1928ರಿಂದ ಮುಂಬಯಿಯ ಶಿವಡಿಯಲ್ಲಿ ಕಾರು ಜೋಡಿಸುತ್ತಿತ್ತು, ಫೋರ್ಡ್ ಕೂಡ ಇತ್ತು. ಆದರೆ ಅವು ಪೆಟ್ಟಿಗೆಯಲ್ಲಿ ಬಂದ ಬಿಡಿಭಾಗವನ್ನು ಸ್ಕ್ರೂ ಹಾಕಿ ಕೂಡಿಸುವ ಶೆಡ್ಡುಗಳು. ವಿಶ್ವೇಶ್ವರಯ್ಯನವರ ತಕರಾರು ಇದ್ದದ್ದೇ ಅಲ್ಲಿ. ಬಿಡಿಭಾಗ ಇಲ್ಲೇ ಆಗಬೇಕು, ಇಲ್ಲದಿದ್ದರೆ ಕಾರು ನಮ್ಮದಲ್ಲ. ಎಂಬತ್ತೊಂಬತ್ತು ತೊಂಬತ್ತು ವರ್ಷದ ಹಿಂದಿನ ಆ ತಕರಾರು ನನಗೆ ಈಗ ಠಾಣೆಯ ಪಾರ್ಕಿಂಗಿನಲ್ಲಿ ದಿನಾ ಅರ್ಥವಾಗುತ್ತಿದೆ.

ಪ್ರೀಮಿಯರ್ ಕೂಡ ಮೊದಲು ಮಾಡಿದ್ದು ಜೋಡಣೆಯೇ. 1947ರಲ್ಲಿ ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್ ಕಾರುಗಳು ಕುರ್ಲಾದಿಂದ ಹೊರಬಂದವು. ಐವತ್ತರ ದಶಕದ ಆರಂಭದಲ್ಲಿ ಇಟಲಿಯ ಫಿಯಟ್ ಜತೆ ಸಂಬಂಧ ಬೆಳೆಯಿತು. 1953ರಲ್ಲಿ ಟ್ಯಾರಿಫ್ ಕಮಿಷನ್ ವರದಿಯ ಮೇಲೆ ಸರ್ಕಾರ ಒಂದು ಗಟ್ಟಿ ನಿರ್ಧಾರ ಮಾಡಿತು: ಹಂತ ಹಂತವಾಗಿ ಇಲ್ಲೇ ತಯಾರಿಸುವ ಕಾರ್ಯಕ್ರಮ ಇದ್ದವರು ಮಾತ್ರ ಉಳಿಯಬಹುದು, ಬರೀ ಜೋಡಿಸುವವರು ಅಂಗಡಿ ಮುಚ್ಚಿ. ಜನರಲ್ ಮೋಟರ್ಸ್, ಫೋರ್ಡ್ ಹೊರಟವು. ಕಲ್ಕತ್ತೆಯ ಹಿಂದೂಸ್ತಾನ್, ಮದ್ರಾಸಿನ ಸ್ಟ್ಯಾಂಡರ್ಡ್, ಮುಂಬಯಿಯ ಪ್ರೀಮಿಯರ್ ಉಳಿದವು. 1954ರಲ್ಲಿ ಬಂದ ಫಿಯಟ್ 1100, ಮುಂದಿನ ಬಾಗಿಲು ಹಿಂದುಮುಂದಾಗಿ ತೆರೆಯುವ ಆ ಗುಂಡು ಕಾರನ್ನು ನಮ್ಮ ಮರಾಠಿ ಮಿತ್ರರು ಇವತ್ತಿಗೂ 'ಡುಕ್ಕರ್ ಫಿಯಟ್' ಅಂತಾರೆ. ಡುಕ್ಕರ್ ಅಂದರೆ ಹಂದಿ! ಪ್ರೀತಿಯಿಂದಲೇ ಬಿಡಿ. 1964ರಲ್ಲಿ ಚೌಕಾಕಾರದ 1100 ಡಿಲೈಟ್ ಬಂತು. ಅದೇ ಕಾರು 1970ರ ದಶಕದ ಆರಂಭದಲ್ಲಿ ಸ್ವಲ್ಪ ಕಾಲ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಪ್ರೀಮಿಯರ್ ಪದ್ಮಿನಿ ಆಯಿತು. ಚಿತ್ತೋಡದ ರಾಣಿಯ ಹೆಸರು. ಹೊಸ ಶತಮಾನ ಬರುವ ಹೊತ್ತಿಗೆ ತಯಾರಿ ನಿಂತಿತು. ಇಟಲಿಯಲ್ಲಿ 1100 ಕಾರಿನ ಕತೆ 1969ಕ್ಕೇ ಮುಗಿದಿತ್ತು. ಹೆತ್ತವರು ಬಿಟ್ಟ ಮೂವತ್ತು ವರ್ಷದ ಮೇಲೂ ಸಾಕುತಾಯಿ ಬಿಡಲಿಲ್ಲ ಅನ್ನಿ.

ಆ ಸಾಕುವ ಕೆಲಸ ಕುರ್ಲಾದ್ದು ಮಾತ್ರ ಆಗಿರಲಿಲ್ಲ. 1953ರ ನೀತಿಯಿಂದಾಗಿ ಕಾರಿನ ಒಂದೊಂದು ಅಂಗಕ್ಕೂ ಒಂದೊಂದು ಊರಿನಲ್ಲಿ ತವರುಮನೆ ಹುಟ್ಟಿತು. ಸ್ಪಾರ್ಕ್ ಪ್ಲಗ್ ಬೆಂಗಳೂರಿನ ಆಡುಗೋಡಿಯ ಮೈಕೋದಿಂದ. 1951ರಲ್ಲಿ ಶುರುವಾದ ಆ ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು, ಬೆಂಗಳೂರಿನವರ ಬಾಯಲ್ಲಿ ಮಾತ್ರ ಇನ್ನೂ ಮೈಕೋ ಲೇಔಟೇ. ಪಿಸ್ಟನ್ನು, ಕಾರ್ಬುರೇಟರು, ಬ್ರೇಕು, ಸ್ಟಾರ್ಟರ್ ಮೋಟಾರಿನ ಕಾರ್ಖಾನೆಗಳು ಮದ್ರಾಸಿನ ಸುತ್ತ ಬೆಳೆದವು. ಪಿಸ್ಟನ್ ರಿಂಗು ಪಟಿಯಾಲಾದಲ್ಲಿ, ಆಮೇಲೆ ನಮ್ಮ ಯಲಹಂಕದಲ್ಲಿ. ಒಂದು ಪದ್ಮಿನಿಯ ಬಾನೆಟ್ ಎತ್ತಿದರೆ ಅದರೊಳಗೆ ಅರ್ಧ ಭಾರತದ ವಿಳಾಸವಿತ್ತು.

ಈಗ ನನ್ನ ಕಸುಬಿಗೆ ಬರುತ್ತೇನೆ. ನಾನು ಬ್ಯಾಂಕ್ ಸೇರಿದ್ದು 1993ರಲ್ಲಿ. ಬಿಕಾಂ ಮುಗಿಸಿ ಊರು ಬಿಟ್ಟು ಮುಂಬಯಿಗೆ ಬಂದ ಹೊಸತು. ಮೊದಲ ಕೆಲವು ವರ್ಷ ನನ್ನ ಮೇಜಿನ ಮೇಲೆ ಬಂದ ಅರ್ಜಿಗಳಲ್ಲಿ ದಂಡಿಯಾಗಿ ಇದ್ದದ್ದು ಟ್ಯಾಕ್ಸಿ ಸಾಲದವು. 1969ರ ರಾಷ್ಟ್ರೀಕರಣದ ನಂತರ ಸಣ್ಣ ಸಾರಿಗೆಯವರು ಆದ್ಯತಾ ವಲಯಕ್ಕೆ ಸೇರಿದ್ದರು, ಒಂದು ಪದ್ಮಿನಿ ಅಂದರೆ ಒಂದು ಕುಟುಂಬದ ಸ್ವಂತ ಉದ್ಯೋಗ. ಆರ್‌ಸಿ ಬುಕ್ಕಿನಲ್ಲಿ ಬ್ಯಾಂಕಿನ ಹೆಸರಿಗೆ ಅಡಮಾನದ ಸೀಲು, ತಿಂಗಳ ಕಂತು, ಒಬ್ಬ ಜಾಮೀನುದಾರ. ಸಾಲ ಕೊಡುವ ಮುಂಚೆ ಆದಾಯ ಖರ್ಚಿನ ಹಾಳೆ ತುಂಬಿಸಬೇಕಿತ್ತು. ಪೆಟ್ರೋಲು, ವಿಮೆ, ಪರ್ಮಿಟ್ಟು, ಅದರ ಕೆಳಗೆ 'ದುರಸ್ತಿ ಮತ್ತು ಬಿಡಿಭಾಗ' ಅಂತ ಒಂದು ಸಾಲು. ಆ ಸಾಲಿನಲ್ಲಿ ಡ್ರೈವರುಗಳು ಬರೆಸುತ್ತಿದ್ದ ಅಂಕಿ ಎಷ್ಟು ಚಿಕ್ಕದಾಗಿರುತ್ತಿತ್ತೆಂದರೆ ನನಗೆ ಅನುಮಾನ ಬರುತ್ತಿತ್ತು. ಒಬ್ಬ ಹಿರಿಯ ಡ್ರೈವರನ್ನು ಕೇಳಿಯೇ ಬಿಟ್ಟೆ. ಅವನು ಹೇಳಿದ್ದು: ಸಾಹೇಬ್, ಗಾಡಿ ಎರಡು ಶಿಫ್ಟಿನಲ್ಲಿ ಓಡುತ್ತೆ, ಹಗಲು ನಾನು, ರಾತ್ರಿ ಇನ್ನೊಬ್ಬ. ಸಾಮಾನು ಕೆಟ್ಟದ್ದಾದರೆ ಎರಡು ಮನೆಯ ಒಲೆ ಆರುತ್ತೆ. ಅದಕ್ಕೇ ಅಂಗಡಿಯವನಿಗೆ ಕೆಟ್ಟ ಸಾಮಾನು ಕೊಡುವ ಧೈರ್ಯ ಇಲ್ಲ.

ಆಗ ಅದು ನನಗೆ ಒಂದು ಚಂದದ ಮಾತಾಗಿ ಮಾತ್ರ ಕೇಳಿಸಿತು. ಈಗ ಯೋಚಿಸಿದರೆ ಇಡೀ ಪದ್ಮಿನಿಯ ಬಿಡಿಭಾಗದ ಅರ್ಥಶಾಸ್ತ್ರ ಅದರಲ್ಲೇ ಇದೆ. ಯಾವ ಸರ್ಕಾರಿ ಮುದ್ರೆಯೂ, ಯಾವ ಇನ್ಸ್‌ಪೆಕ್ಟರೂ ಮಾಡದ ಕೆಲಸವನ್ನು ಆ ಡ್ರೈವರುಗಳು ಮಾಡುತ್ತಿದ್ದರು. ದಿನಕ್ಕೆ ನೂರಾರು ಸಲ ಕ್ಲಚ್ ತುಳಿಯುವವನ ಕೈಯಲ್ಲಿ ಕಳಪೆ ಕ್ಲಚ್ ಪ್ಲೇಟು ಒಂದು ತಿಂಗಳು ಬಾಳುವುದಿಲ್ಲ. ಮುಂದಿನ ದಿನ ಅವನು ಅಂಗಡಿಯ ಮುಂದೆ ನಿಂತು ಗಲಾಟೆ ಮಾಡುತ್ತಾನೆ, ಜತೆಗೆ ಸ್ಟ್ಯಾಂಡಿನ ಇಪ್ಪತ್ತು ಜನಕ್ಕೆ ಹೇಳುತ್ತಾನೆ. ನನ್ನಂಥ ಹವ್ಯಾಸಿಗೆ ಅದೇ ಪ್ಲೇಟು ಕೆಟ್ಟದ್ದು ಅಂತ ಗೊತ್ತಾಗಲು ಮೂರು ವರ್ಷ ಬೇಕು. ನಾವು ಓಡಿಸುವುದು ಭಾನುವಾರ ಬೆಳಿಗ್ಗೆ, ಯೇವೂರ್ ಗುಡ್ಡದ ಬುಡದ ತನಕ, ಅಷ್ಟೇ. ಅಷ್ಟರಲ್ಲಿ ಅಂಗಡಿಯೂ ಇರುವುದಿಲ್ಲ, ಬಿಲ್ಲೂ ಇರುವುದಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಮನೆಯ ಕಾರಾಗಿ ಪದ್ಮಿನಿಯ ದಿನ ಮುಗಿಯಲು ಶುರುವಾಯಿತು. ಮುಂಬಯಿಯ ಟ್ಯಾಕ್ಸಿಯಾಗಿ ಮಾತ್ರ ಇನ್ನೂ ಎರಡು ದಶಕ ಗಟ್ಟಿಯಾಗಿ ನಿಂತಿತು. ಅಂದರೆ ದಾವಣಗೆರೆಯಲ್ಲೋ ಧಾರವಾಡದಲ್ಲೋ ಮನೆಮುಂದೆ ನಿಂತ ಪದ್ಮಿನಿಗೆ ಸಾಮಾನು ಸಿಗುತ್ತಿದ್ದದ್ದು ಮುಂಬಯಿಯ ಡ್ರೈವರುಗಳ ಪುಣ್ಯದಿಂದ. ಮಾವನವರಿಗೆ ಏನಾದರೂ ಬೇಕಾದಾಗ ನನಗೆ ಪತ್ರ ಬರುತ್ತಿತ್ತು, ಆಮೇಲೆ ಫೋನು. ನಾನು ಒಪೇರಾ ಹೌಸ್ ಹತ್ತಿರದ ಸ್ಪೇರ್ ಪಾರ್ಟ್ಸ್ ಗಲ್ಲಿಗೆ ಹೋಗಿ, ಕಂಪನಿ ಪ್ಯಾಕೆಟ್ಟಿನಲ್ಲಿರುವ ಮಾಲನ್ನೇ ತಂದು, ದಾವಣಗೆರೆ ಕಡೆ ಹೋಗುವ ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತಿದ್ದೆ. 2003ರಲ್ಲಿ ಹೊಸ ಟ್ಯಾಕ್ಸಿ ನೋಂದಣಿ ನಿಂತ ಮೇಲೆ ವರ್ಷ ವರ್ಷವೂ ಆ ಗಲ್ಲಿಯಲ್ಲಿ ಫಿಯಟ್ ಮಾಲಿನ ಕಪಾಟು ಹಿಂದೆ ಹಿಂದೆ ಸರಿಯಿತು. ಮೊದಲು ಕೌಂಟರಿನ ಎದುರು ಇದ್ದದ್ದು ಆಮೇಲೆ ಅಟ್ಟಕ್ಕೆ, ಆಮೇಲೆ ಗೋದಾಮಿಗೆ. ಈಗ ಕೇಳಿದರೆ ಹುಡುಗ ತಲೆ ಎತ್ತದೆ 'ಬಂದ್ ಹೋ ಗಯಾ' ಅಂತಾನೆ. ಕುರ್ಲಾದ ಕಾರ್ಖಾನೆಯ ಜಾಗದಲ್ಲೂ ಈಗ ಎದ್ದಿರುವುದು ವಸತಿ ಗೋಪುರಗಳು.

ಹಾಗಾದರೆ ಈಗ ಸಿಗುವುದು ಏನು? ಮೂರು ತರಹದ್ದು. ಒಂದು, ಹಳೆಯ ಕಂಪನಿ ಪ್ಯಾಕೆಟ್ಟಿನ ಬಳಸದ ಮಾಲು. ಎಲ್ಲೋ ಸೋಲಾಪುರದಲ್ಲೋ ಬೆಳಗಾವಿಯಲ್ಲೋ ಮುಚ್ಚಿದ ಅಂಗಡಿಯ ಅಟ್ಟದಿಂದ ಹೊರಬರುತ್ತೆ, ಬೆಲೆ ಕೇಳಿದರೆ ತಲೆ ತಿರುಗುತ್ತೆ. ಲೋಹದ್ದಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ರಬ್ಬರಿನದ್ದು ಮಾತ್ರ ಬೇಡ, ಪ್ಯಾಕೆಟ್ ಒಡೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತೆ. ಎರಡನೆಯದು ಗುಜರಿಯ ಮಾಲು. ಕುರ್ಲಾ ಸಿಎಸ್‌ಟಿ ರೋಡು, ಚೋರ್ ಬಜಾರು. ನೀವು ಚೆನ್ನೈಯಲ್ಲಿದ್ದರೆ ಪುದುಪೇಟೆ, ದಿಲ್ಲಿಯಲ್ಲಿದ್ದರೆ ಮಾಯಾಪುರಿ, ಹೈದರಾಬಾದಿನವರಿಗೆ ರಾಣಿಗಂಜಿನ ಹಳೆಯ ಅಂಗಡಿಗಳು. ಆದರೆ ಇಪ್ಪತ್ತು ವರ್ಷ ಎರಡು ಶಿಫ್ಟು ಓಡಿದ, ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಹೊತ್ತ, ಮುಂಬಯಿಯ ಉಪ್ಪುಗಾಳಿ ಕುಡಿದ ಟ್ಯಾಕ್ಸಿಯಲ್ಲಿ ತೆಗೆಯಲು ಉಳಿದಿರುವುದೇನು? ಎಮ್ಮೆ ಹಾಲು ಕೊಟ್ಟು ಮುಗಿಸಿದ ಮೇಲೆ ಕೊಂಬು ಮಾತ್ರ.

ಮೂರನೆಯದೇ ಹೊಸದಾಗಿ ಮಾಡಿದ ನಕಲು. ನನ್ನ ಜಗಳ ಇದರ ಜತೆ. ನಕಲು ಅನ್ನುವುದು ಕೆಟ್ಟ ಮಾತಲ್ಲ. ಮೂಲ ಅಳತೆ, ಮೂಲ ಲೋಹ, ಮೂಲ ವಿಧಾನದಲ್ಲಿ ಮತ್ತೆ ಮಾಡಿದ್ದಾದರೆ ಅದು ಮರುಮುದ್ರಣ ಇದ್ದ ಹಾಗೆ. ಇಲ್ಲಿ ಆಗುತ್ತಿರುವುದು ಜೆರಾಕ್ಸಿನ ಜೆರಾಕ್ಸು. ಸವೆದ ಹಳೆಯ ಭಾಗವನ್ನೇ ಅಚ್ಚಿಗೆ ಇಟ್ಟು ಹೊಸದು ಎರಕ ಹೊಯ್ಯುತ್ತಾರೆ, ಸವಕಳಿಯೂ ಅದರಲ್ಲೇ ಬರುತ್ತೆ.

ಬಂಪರ್ ತೆಗೆದುಕೊಳ್ಳಿ. ಸರಿಯಾದ ಕ್ರೋಮ್ ಲೇಪನ ಅಂದರೆ ಉಕ್ಕಿನ ಮೇಲೆ ತಾಮ್ರ, ತಾಮ್ರದ ಮೇಲೆ ನಿಕ್ಕಲ್, ಕೊನೆಗೆ ತೆಳ್ಳಗೆ ಕ್ರೋಮ್. ತುಕ್ಕು ತಡೆಯುವ ಕೆಲಸ ಮುಖ್ಯವಾಗಿ ನಿಕ್ಕಲಿನದು, ಕ್ರೋಮ್ ಬರೀ ಹೊಳಪು ಮತ್ತು ಗಟ್ಟಿತನಕ್ಕೆ. ಖರ್ಚು ಉಳಿಸಬೇಕಾದವನು ತಾಮ್ರ ಬಿಡುತ್ತಾನೆ, ನಿಕ್ಕಲ್ ತೆಳುವಾಗಿ ಒರೆಸುತ್ತಾನೆ, ಮೇಲೆ ಕ್ರೋಮ್ ಹೊಡೆದು ಕೊಡುತ್ತಾನೆ. ಅಂಗಡಿಯಲ್ಲಿ ಎರಡೂ ಒಂದೇ ತರಹ ಮಿನುಗುತ್ತವೆ. ಒಂದು ಮುಂಬಯಿ ಮಳೆಗಾಲ ಸಾಕು, ದೀಪಾವಳಿಗೆ ಸಣ್ಣ ಸಣ್ಣ ಕಂದು ಚುಕ್ಕೆ.

ರಬ್ಬರು ಇನ್ನೂ ಕಷ್ಟ. ಬಾಗಿಲಿನ ಸುತ್ತಲಿನ ಬೀಡಿಂಗಿಗೆ ಒಂದು ನಿರ್ದಿಷ್ಟ ಆಕಾರ, ಒಂದು ನಿರ್ದಿಷ್ಟ ಮೆತ್ತಗೆತನ ಬೇಕು. ಮೆತ್ತಗೆತನ ಅಳೆಯಲು 'ಶೋರ್' ಅಂತ ಒಂದು ಮಾಪನವೇ ಇದೆ. ಮಾರುಕಟ್ಟೆಯಲ್ಲಿ ಸಿಗುವುದು ಹಳೆಯ ಟಯರ್ ಕರಗಿಸಿದ ರಬ್ಬರಿನದ್ದು, ಪ್ಯಾಕೆಟ್ ಬಿಚ್ಚಿದರೆ ಮೂಗಿಗೇ ಗೊತ್ತಾಗುತ್ತೆ. ಗಟ್ಟಿ ಬೀಡಿಂಗ್ ಹಾಕಿದರೆ ಬಾಗಿಲು ಮುಚ್ಚುವುದಿಲ್ಲ. ಜೋರಾಗಿ ಬಡಿದು ಬಡಿದು ಮುಚ್ಚಿದರೆ ಬೀಗದ ಕೊಂಡಿ ಹೋಗುತ್ತೆ. ತೆಳು ಬೀಡಿಂಗ್ ಹಾಕಿದರೆ ನೀರು ಒಳಗೆ ಇಳಿದು ನೆಲದ ತಗಡು ತಿನ್ನುತ್ತೆ. ಪದ್ಮಿನಿ ಸಾಯುವುದು ಎಂಜಿನ್ನಿನಿಂದ ಅಲ್ಲ ಸ್ವಾಮಿ, ನೆಲದ ತಗಡಿನಿಂದ. ಅಂದರೆ ಕಾರಿನ ಆಯುಸ್ಸು ಇರುವುದು ಆ ಬೀಡಿಂಗಿನಲ್ಲಿ.

ಬಂಪರು, ಬೀಡಿಂಗು ಅಂದದ ವಿಷಯ ಅಂತಿಟ್ಟುಕೊಳ್ಳಿ. ಬ್ರೇಕು? ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಒಂದೊಂದು ಡ್ರಮ್ಮಿನ ಒಳಗೂ ವೀಲ್ ಸಿಲಿಂಡರು, ಅದರೊಳಗೆ ನಾಣ್ಯದಷ್ಟು ಅಗಲದ ರಬ್ಬರ್ ಕಪ್ಪು. ಕಳೆದ ವರ್ಷ ಒಂದು ಅಂಗಡಿಯಿಂದ (ಹೆಸರು ಬೇಡ) ಹೊಸ ಸಿಲಿಂಡರುಗಳ ಸೆಟ್ಟು ತಂದೆವು, ಪ್ಯಾಕೆಟ್ಟಿನ ಮೇಲೆ ದೊಡ್ಡ ಕಂಪನಿಯ ಹೆಸರಿಗೆ ಒಂದೇ ಅಕ್ಷರ ವ್ಯತ್ಯಾಸ. ನಮ್ಮ ಉಸ್ತಾದ್, ಕುರ್ಲಾದಲ್ಲಿ ನಲವತ್ತು ವರ್ಷ ಫಿಯಟ್ ಬಿಟ್ಟು ಬೇರೆ ಮುಟ್ಟದ ಮನುಷ್ಯ, ಕೈಯಲ್ಲಿ ತೂಗಿ ನೋಡಿ 'ಹಗುರ ಇದೆ' ಅಂದರು. ಬೇರೆ ಸಿಗದೆ ಅದನ್ನೇ ಹಾಕಬೇಕಾಯಿತು. ಒಂಬತ್ತನೆಯ ದಿನ ಬಿಲ್ಡಿಂಗಿನ ಇಳಿಜಾರಿನಲ್ಲಿ ಪೆಡಲು ಸೀದಾ ನೆಲಕ್ಕೆ ಹೋಯಿತು. ಹ್ಯಾಂಡ್ ಬ್ರೇಕ್ ಎಳೆದು, ಗೋಡೆಗೆ ಒರಗಿಸಿ ನಿಲ್ಲಿಸಿದೆ. ಎದುರಿನ ಅಂಗಳದಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಿಚ್ಚಿ ನೋಡಿದರೆ ಬ್ರೇಕ್ ಆಯಿಲಿಗೆ ಕಪ್ಪು ಊದಿಕೊಂಡು ಅಂಚು ಹರಿದಿತ್ತು. ಅಂಗಡಿಯವನು ಹಣ ವಾಪಸ್ ಕೊಟ್ಟ, ನಿಜ. ಜತೆಗೆ ಹೇಳಿದ: 'ಸಾಹೇಬ್, ಇದು ಶೋ ಗಾಡಿಗೆ. ಓಡಿಸುವುದಕ್ಕೆ ಯಾರು ಹೇಳಿದ್ದು?'

ಆ ಮಾತಿನಿಂದ ನನಗೆ ಸಿಟ್ಟಿಗಿಂತ ಹೆಚ್ಚು ಬೇಸರವಾಯಿತು. ಓಡುವ ಗಾಡಿಗೆ ಸಾಮಾನು ಮಾಡುತ್ತಿದ್ದ ಗಲ್ಲಿ ಈಗ ನಿಲ್ಲಿಸುವ ಗಾಡಿಗೆ ಸಾಮಾನು ಮಾಡುತ್ತಿದೆ.

ಇಟಲಿಯಿಂದ ತರಿಸಿಕೊಳ್ಳಬಹುದಲ್ಲಾ ಅಂತ ನನ್ನ ಮಗ ಸುಲಭವಾಗಿ ಹೇಳಿದ. ಅಲ್ಲೂ ಒಂದು ತಮಾಷೆ ಇದೆ. ಇಟಲಿಯ 1100 ಡಿ ಕಾರಿನ ಎಂಜಿನ್ 1221 ಸಿಸಿ, ನಮ್ಮದು 1089 ಸಿಸಿ. ಹೊರಗಿನ ಕೋಟು ಹೊಸದು, ಒಳಗಿನ ಎಂಜಿನ್ ಹಳೆಯ ಅಳತೆಯದು. ಇಬ್ಬರ ಸ್ಟ್ರೋಕೂ 75 ಮಿಲಿಮೀಟರು, ಆದರೆ ಅವರ ಬೋರು 72, ನಮ್ಮದು 68. ಅವರ ಪಿಸ್ಟನ್ ನಮ್ಮ ಬಾಯಿಗೆ ಹಿಡಿಯದ ತುತ್ತು. ಸ್ಟಿಯರಿಂಗ್ ಅವರದು ಎಡಕ್ಕೆ, ನಮ್ಮದು ಬಲಕ್ಕೆ. ಹಾಗಾಗಿ ಡ್ಯಾಶ್‌ಬೋರ್ಡು, ಸ್ಟಿಯರಿಂಗಿಗೆ ಅಂಟಿಕೊಂಡ ಗೇರಿನ ಸರಳುಗಳು ಎಲ್ಲಾ ಕನ್ನಡಿಯ ಪ್ರತಿಬಿಂಬ. ಸ್ವದೇಶಿ ಮಾಡುತ್ತಾ ಮಾಡುತ್ತಾ ಪದ್ಮಿನಿ ನಿಜವಾಗಿಯೂ ಸ್ವದೇಶಿಯೇ ಆಗಿಬಿಟ್ಟಿದೆ. ತವರಿಗೆ ಹೋದರೆ ಅಲ್ಲಿ ಯಾರಿಗೂ ಗುರುತು ಸಿಗುವುದಿಲ್ಲ. ಹೊರನಾಡಿನಲ್ಲಿ ಮೂವತ್ತು ವರ್ಷ ಕಳೆದ ನಮಗೆ ಇದು ಬಿಡಿಸಿ ಹೇಳಬೇಕಾಗಿಲ್ಲ :)

ಬೇರೆ ದೇಶದಲ್ಲಿ ಏನು ಮಾಡಿದರು? ಇಂಗ್ಲೆಂಡಿನ ಉದಾಹರಣೆ ನನಗೆ ಬಹಳ ಇಷ್ಟ. ಎಂಜಿಬಿ ಅನ್ನುವ ಸಣ್ಣ ಸ್ಪೋರ್ಟ್ಸ್ ಕಾರು 1980ರಲ್ಲಿ ನಿಂತುಹೋಯಿತು. ಅದರ ಕಂಪನಿಯ ಒಳಗಿಂದಲೇ 1975ರಲ್ಲಿ ಹುಟ್ಟಿದ್ದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಪ್ರೆಸ್ ಅಚ್ಚುಗಳನ್ನು ಹುಡುಕಿ ಕೂಡಿಸಿ 1988ರಲ್ಲಿ ಇಡೀ ಕಾರಿನ ಬಾಡಿಯನ್ನೇ ಹೊಸದಾಗಿ ಮಾಡಿ ಮಾರಲು ಶುರು ಮಾಡಿತು. ಮೂಲ ಅಚ್ಚು, ಹಾಗಾಗಿ ಮೂಲ ಅಳತೆ. ಜಪಾನಿನ ನಿಸ್ಸಾನ್ ತನ್ನ ಹಳೆಯ ಸ್ಕೈಲೈನ್ ಜಿಟಿ-ಆರ್ ಕಾರಿಗೆ 2017ರಿಂದ ಮತ್ತೆ ಭಾಗ ಮಾಡಿಕೊಡುತ್ತಿದೆ. ನಮ್ಮಲ್ಲಿ ಕಾರ್ಖಾನೆ ಮುಚ್ಚಿದರೆ ಅಚ್ಚು ಗುಜರಿಗೆ, ನಕಾಶೆ ರದ್ದಿಗೆ. ಬ್ಯಾಂಕಿನವನಾಗಿ ಹೇಳುತ್ತೇನೆ, ಕಾರ್ಖಾನೆ ನಿಂತಾಗ ಲೆಕ್ಕಕ್ಕೆ ಬರುವುದು ಜಾಗ, ಕಟ್ಟಡ, ಯಂತ್ರ. ಅಚ್ಚಿಗೆ ತೂಕದ ಬೆಲೆ, ನಕಾಶೆಗೆ ಸೊನ್ನೆ.

ಹೊಸ ಅಚ್ಚು ಮಾಡಿಸಬಹುದಲ್ಲಾ? ಇಲ್ಲೇ ಬಿಕಾಂ ಕೆಲಸಕ್ಕೆ ಬರುವುದು. ಒಂದು ಬೀಡಿಂಗಿನ ಅಚ್ಚಿಗೆ ಎಲ್ಲಾ ಸೇರಿ ಎರಡು ಲಕ್ಷ ಅಂತ ಸುಮ್ಮನೆ ಇಟ್ಟುಕೊಳ್ಳಿ. ಐದು ಸಾವಿರ ಟ್ಯಾಕ್ಸಿ ಗಿರಾಕಿ ಇದ್ದರೆ ತಲೆಗೆ ನಲವತ್ತು ರೂಪಾಯಿ, ಯಾರಿಗೂ ಗೊತ್ತೇ ಆಗುವುದಿಲ್ಲ. ಐವತ್ತು ಹವ್ಯಾಸಿಗಳಾದರೆ ತಲೆಗೆ ನಾಲ್ಕು ಸಾವಿರ, ರಬ್ಬರಿನ ಬೆಲೆ ಬೇರೆ. ಯಾವ ಕಾರ್ಖಾನೆಯವನು ಕೈ ಹಾಕುತ್ತಾನೆ? ಹಾಕಿದವನು ಅಚ್ಚಿನಲ್ಲಿ ಉಳಿಸಲಾಗದ್ದನ್ನು ಮಾಲಿನಲ್ಲಿ ಉಳಿಸುತ್ತಾನೆ. ಕಳಪೆ ಮಾಲಿಗೆ ಬರೀ ದುರಾಸೆ ಕಾರಣ ಅಂತ ನಾನು ಮೊದಲು ಅಂದುಕೊಂಡಿರಲಿಲ್ಲ, ಈಗಲೂ ಅನ್ನುವುದಿಲ್ಲ. ಅರ್ಧ ದುರಾಸೆ, ಅರ್ಧ ಭಾಗಾಕಾರ.

ಇಷ್ಟು ತಲೆ ಕೆಡಿಸಿಕೊಳ್ಳುವ ಬದಲು ಮಾರುತಿ ಎಂಜಿನ್ ಕೂರಿಸಿ, ಡಿಸ್ಕ್ ಬ್ರೇಕ್ ಹಾಕಿಸಿ ಅನ್ನುವವರು ಬಹಳ. ನಮ್ಮ ಉಸ್ತಾದ್ ಕೂಡ ಒಮ್ಮೆ ಸೋತು ಹಾಗೆ ಅಂದರು. ಆದರೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನಿಯಮ ತಂದಿದೆ. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ ವಾಹನಕ್ಕೆ 'ವಿಎ' ಅಕ್ಷರದ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಪ್ರದರ್ಶನ, ರ್ಯಾಲಿ, ದುರಸ್ತಿ ಇಂಥದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಷರತ್ತು ಏನೆಂದರೆ ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ ಬದಲಾಗಿರಬಾರದು. ನಮ್ಮ ಪದ್ಮಿನಿಗೆ 2025ರಲ್ಲಿ ಐವತ್ತು ತುಂಬಿತು. ಮೂಲ ರೂಪ ಇರಬೇಕು ಅನ್ನುವ ಕಾನೂನು ಬಂದಿದೆ, ಮೂಲ ರೂಪದ ಸಾಮಾನು ಎಲ್ಲಿ ಅಂತ ಕಾನೂನು ಹೇಳುವುದಿಲ್ಲ. ಸಾಲದ್ದಕ್ಕೆ ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್. ಅದು ಹಳೆಯ ಕಾಲದ ರಬ್ಬರಿಗೆ ಆಗಿಬರುವುದಿಲ್ಲ, ಪೆಟ್ರೋಲ್ ಪಂಪಿನ ಡಯಾಫ್ರಮ್ಮು, ಪೈಪು ಊದಿಕೊಳ್ಳುತ್ತವೆ, ಬಿರಿಯುತ್ತವೆ. ಅಂದರೆ ಹಳೆಯದರ ಹಾಗೆಯೇ ಕಾಣುವ, ಆದರೆ ಹಳೆಯದಕ್ಕಿಂತ ಒಳ್ಳೆಯ ರಬ್ಬರು ಬೇಕು. ಅಟ್ಟದ ಮೇಲಿನ ಪ್ಯಾಕೆಟ್ಟೂ ಇನ್ನು ಕೆಲಸಕ್ಕಿಲ್ಲ.

ಮಾವನವರಿಗೆ ಈಗ ಎಂಬತ್ತೇಳು. ಎರಡು ವರ್ಷ ಕಾದು ಪಡೆದ ಕಾರು ಅದು. ಫೋನಿನಲ್ಲಿ 'ಬೀಡಿಂಗ್ ಸಿಕ್ತೇನ್ರೀ?' ಅಂತ ಕೇಳುತ್ತಾರೆ. ಕಾರು ಆಯ್ತಾ ಅಂತ ಕೇಳುವುದಿಲ್ಲ, ಅವರಿಗೆ ಗೊತ್ತು ಎಲ್ಲಿ ನಿಂತಿದೆ ಅಂತ.

ಹೀಗಾಗಿ ಕಳೆದ ದಸರಾ ಹೊತ್ತಿಗೆ ನಾವೊಂದು ಕೆಲಸ ಮಾಡಿದೆವು. ಠಾಣೆ, ಡೊಂಬಿವಲಿ, ಪುಣೆ ಸೇರಿ ಹನ್ನೊಂದು ಜನ ಪದ್ಮಿನಿ ಮಾಲೀಕರು, ಅದರಲ್ಲಿ ಮೂವರು ಕನ್ನಡದವರು, ಚೀಟಿ ಹಾಕಿದ ಹಾಗೆ ಹಣ ಕೂಡಿಸಿದೆವು. ಲೆಕ್ಕ ಇಡುವ ಕೆಲಸ ಯಾರಿಗೆ ಬಂತು ಅಂತ ಹೇಳಬೇಕೇ? ಭಿವಂಡಿ ರಸ್ತೆಯ ಒಂದು ಸಣ್ಣ ರಬ್ಬರ್ ಕಾರ್ಖಾನೆಯವರು ಒಪ್ಪಿದರು. ಮಾದರಿಗೆ ಗಟ್ಟಿಯಾದ ಹಳೆಯ ಬೀಡಿಂಗ್ ಕೊಡಬೇಡಿ ಅಂತ ಉಸ್ತಾದ್ ಹಟ ಹಿಡಿದರು. ಅಂಗಡಿಯ ಅಟ್ಟದಿಂದ ಒಂದು ಬಳಸದ ತುಂಡು ತಂದು, ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದನ್ನು ಜೇಡಿಮಣ್ಣು ಒತ್ತಿ ಅಳೆದು, ಎರಡನ್ನೂ ತಾಳೆ ನೋಡಿ ನಕಾಶೆ ಬರೆಸಿದೆವು. ಮೊದಲ ಮಾದರಿ ಗಟ್ಟಿಯಾಯಿತು, ವಾಪಸ್ ಕಳಿಸಿದೆವು. ಎರಡನೆಯದು ಮೂಲೆಯಲ್ಲಿ ಮಡಿಸಿಕೊಂಡಿತು. ಮೂರನೆಯದು ಹೋದ ಭಾನುವಾರ ಬಂತು. ಹಿಂದಿನ ಬಲ ಬಾಗಿಲಿಗೆ ಹಾಕಿ, ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಕ್ಲಿಕ್ ಅಂತ ಮುಚ್ಚಿತು. ಉಸ್ತಾದ್ ಬಕೆಟ್ಟಿನಲ್ಲಿ ನೀರು ತಂದು ಮೇಲಿನಿಂದ ಸುರಿದರು. ಒಳಗೆ ಹಾಸಿದ್ದ ಪೇಪರು ಒದ್ದೆಯಾಗಲಿಲ್ಲ.

ಹನ್ನೊಂದು ಸೆಟ್ಟಿಗೆ ಆರ್ಡರ್ ಕೊಟ್ಟಿದ್ದೇವೆ. ಕಾರ್ಖಾನೆಯವರು ಕನಿಷ್ಠ ಇಪ್ಪತ್ತೈದು ಆಗಬೇಕು ಅನ್ನುತ್ತಿದ್ದಾರೆ. ನಿಮ್ಮ ಊರಿನಲ್ಲಿ, ನಿಮ್ಮ ಅಣ್ಣನ ಮನೆಯ ಹಿತ್ತಲಲ್ಲಿ ಯಾವುದಾದರೂ ಪದ್ಮಿನಿ ನಿಂತಿದ್ದರೆ ಈ ಮಾತು ತಿಳಿಸಿ. ಅಚ್ಚು ಮಾತ್ರ ಕಾರ್ಖಾನೆಯಲ್ಲಿ ಬಿಡುವುದಿಲ್ಲ ಅಂತ ಕರಾರಿನಲ್ಲಿ ಬರೆಸಿದ್ದೇನೆ. ಕೆಲಸ ಮುಗಿದ ಮೇಲೆ ಅದು ನಮ್ಮ ಮನೆಯ ಅಟ್ಟಕ್ಕೆ ಬರುತ್ತೆ, ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿ ಇಡುತ್ತೇವೆ.